ಷಡ್ಡಕನಿಗೊಂದು ಸೀಸೆ

ಷಡ್ಡಕನ ಮುಂದೆ ಜಂಬ ಕೊಚ್ಚಿಕೊಂಡು ಕೆಟ್ಟವನು ನಾನೊಬ್ಬನೇ ಅಲ್ಲವೆಂದು ನನಗೆ ಖಾತ್ರಿಯಿದೆ. ನೀವೂ ಕೊಚ್ಚಿಕೊಂಡಿರುತ್ತೀರಿ, ಕೆಟ್ಟಿರುತ್ತೀರಿ. ಹೊರಗೆ ಹೇಳಿಲ್ಲ, ಅಷ್ಟೇ. ನನ್ನ ಷಡ್ಡಕ ಬೆಂಗಳೂರಿನಲ್ಲಿರುವವ, ಬಲು ಸಜ್ಜನ. ಬಾದಾಮಿ ಗುಹೆ ನೋಡಲು ಬರುತ್ತೇನೆಂದು ಫೋನು ಮಾಡಿದವನು ಮಾತಿನ ನಡುವೆ, "ಸಂಜೀಕ ಒಂದು ಗ್ಲಾಸ್ ರೆಡ್ ವೈನ್ ಇದ್ರ ಛಲೋ. ನಿಮಗ್ಯಾಕ ತ್ರಾಸು, ನಾನಽ ತರ್ತೀನಿ ಬಿಡ್ರಿ ಅಣ್ಣಾರ" ಎಂದ. ಅಲ್ಲಿಗೇ ಫೋನು ಇಟ್ಟಿದ್ದರೆ ಕೆಲಸ ಸುಸೂತ್ರವಾಗುತ್ತಿತ್ತು. ನಾನು ಇಡಲಿಲ್ಲ. "ಏನಂದಿ? ದ್ರಾಕ್ಷಿ ಬೆಳೆಯೋ ಸೀಮಿಗೆ ಬೆಂಗಳೂರಿಂದ ವೈನ್ ತರ್ತೀಯೇನು? ಬರಿಗೈಲೆ ಬಾ. ನಾನು ಆರಿಸಿ ಇಟ್ಟಿರತೀನಿ" ಎಂದುಬಿಟ್ಟೆ.

ನನ್ನ ಜೀವಮಾನದಲ್ಲಿ ಅಲ್ಲಿಯವರೆಗೆ ನಾನು ಕುಡಿದಿದ್ದ ಕೆಂಪು ಪಾನೀಯವೆಂದರೆ ಕೋಕಂ ಶರಬತ್ತು.

ಮನೆಯಾಕೆ ಒಂದೇ ಕರಾರು ಹಾಕಿದಳು: "ಆ ಬಾಟ್ಲಿ ನಮ್ಮ ಮನೀ ಹೊಸ್ತಿಲಾ ದಾಟಬಾರದು." ಒಪ್ಪಿದೆ. ರಾತ್ರಿ ಮೊಬೈಲು ಹಿಡಿದು ಅಭ್ಯಾಸಕ್ಕೆ ಕೂತೆ. ನಿವೃತ್ತ ಕನ್ನಡ ಮಾಸ್ತರ ನಾನು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದೇ ಓದು ಎಂಬುದು ಮಕ್ಕಳಿಂದ ಕಲಿತ ಪಾಠ. ಕೆಂಪು ವೈನಿಗೆ ಬಣ್ಣ ಬರುವುದು ದ್ರಾಕ್ಷಿಯ ರಸದಿಂದಲ್ಲ, ಸಿಪ್ಪೆಯಿಂದ. ನಾಲಿಗೆಯನ್ನು ಒಗರಾಗಿ ಹಿಡಿಯುವುದು ಟ್ಯಾನಿನ್. ತೂಕದ ರುಚಿಯಿದ್ದರೆ ಅದಕ್ಕೆ 'ಫುಲ್ ಬಾಡಿ'. ಬೂಚು ಒಣಗದಿರಲು ಸೀಸೆಯನ್ನು ಅಡ್ಡ ಮಲಗಿಸಿಡಬೇಕು. ಹದಿನಾರರಿಂದ ಹದಿನೆಂಟು ಡಿಗ್ರಿಯಲ್ಲಿ ಕುಡಿಯಬೇಕು, ಅಂದರೆ 'ರೂಮ್ ಟೆಂಪರೇಚರ್'. ಯಾರ ರೂಮು? ಏಪ್ರಿಲಿನಲ್ಲಿ ಬಾಗಲಕೋಟೆಯ ನವನಗರದ ನನ್ನ ರೂಮಿಗೆ ಬಂದರೆ ವೈನಲ್ಲ, ಒಳಗೆ ಕೂತ ಮನುಷ್ಯನೇ ಕುದಿಯುತ್ತಾನೆ. ಆದರೂ ಎಲ್ಲವನ್ನೂ ಅಂಗೈ ಅಗಲದ ಚೀಟಿಯಲ್ಲಿ ಬರೆದು ಜೇಬಿಗಿಳಿಸಿದೆ. ಮಕ್ಕಳ ಇಂಥ ಚೀಟಿಗಳನ್ನು ಹಿಡಿದು ಹಿಡಿದು ಅದರ ಅಳತೆ ನನಗೆ ಕೈಗತವಾಗಿತ್ತು.

ಬಾಗಲಕೋಟೆಯಲ್ಲಿ ನಮ್ಮ ಬಡಾವಣೆಯಿಂದ ಆದಷ್ಟು ದೂರದ ಅಂಗಡಿ ಆರಿಸಿದೆ. ಹೆಲ್ಮೆಟ್ ತೆಗೆಯಲಿಲ್ಲ. ಅದರೊಳಗೆ ಮೂಗಿಗೆ ಕರವಸ್ತ್ರ, ಮೇಲೆ ಕಪ್ಪು ಕನ್ನಡಕ. ನನ್ನ ಹೆತ್ತ ತಾಯಿಗೂ ಗುರುತು ಸಿಗದ ವೇಷದಲ್ಲಿ, ಕ್ವಾರ್ಟರು ನೈಂಟಿಗಳಿಗೆ ಕೈಚಾಚಿ ನಿಂತ ಗದ್ದಲದ ಹಿಂದೆ ನಿಂತು, ಗಂಟಲು ದಪ್ಪ ಮಾಡಿ, "ಫುಲ್ ಬಾಡಿ ರೆಡ್ ಐತೇನಪಾ?" ಎಂದೆ.

ಕೌಂಟರಿನ ಹುಡುಗ ಎದ್ದೇ ನಿಂತ. "ಸರ್ರಽ! ನಮಸ್ಕಾರ್ರಿ! ಏ, ದಾರಿ ಬಿಡ್ರೆಪಾ, ನಮ್ಮ ಕನ್ನಡಾ ಸರ್ ಬಂದಾರ!"

ಗದ್ದಲ ಇಬ್ಭಾಗವಾಗಿ ನನಗೆ ದಾರಿ ಬಿಟ್ಟಿತು. ಒಬ್ಬಾತ ಕಾಲಿಗೂ ಬಿದ್ದ. ಅವನೂ ನನ್ನ ಶಿಷ್ಯನೇ, ಬೇರೆ ಬ್ಯಾಚು. ನಲವತ್ತು ನಿಮಿಷದ ಪಾಠದಲ್ಲಿ 'ಅಪ್ಪಿತಪ್ಪಿ' ಎಂಬ ನನ್ನ ಉಚ್ಚಾರವನ್ನು ಎಣಿಸುತ್ತ ಕೂತ ಮಕ್ಕಳಿಗೆ ಹೆಲ್ಮೆಟ್ ಯಾವ ಲೆಕ್ಕ? ಕೌಂಟರಿನವನು ಅಭಿಮಾನದಿಂದ ಎಲ್ಲರಿಗೂ ಕೇಳುವಂತೆ ಹೇಳಿದ: "ಕುಡಿತದಿಂದಾಗುವ ಕೆಡಕುಗಳು ಅಂತ ಸರ್ ನನ್ನ ಕಡೆ ಪ್ರಬಂಧ ಬರಿಸಿದ್ರು. ತಾಲೂಕಿಗೇ ಫಸ್ಟ್ ಬಂದಿತ್ತು." ಅವನ ಕಣ್ಣಲ್ಲಿ ಕೃತಜ್ಞತೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಫುಲ್ ಐತ್ರಿ, ಹಾಫ್ ಐತ್ರಿ, ಬಾಡಿ ಅಂತ ಬ್ರ್ಯಾಂಡ್ ಸ್ಟಾಕ್ ಇಲ್ಲ ಸರ" ಎಂದು ಮೂಲೆಯಿಂದ ಪೋರ್ಟ್ ವೈನಿನ ಸೀಸೆಯೊಂದನ್ನು ಒರೆಸಿ ತಂದ. ಅದು ಸಿಹಿ. ನನ್ನ ಚೀಟಿಯಲ್ಲಿ ಸಿಹಿಗೆ ಅಡ್ಡಗೆರೆ ಇತ್ತು. "ನಮಗಲ್ಲಪಾ, ಒಬ್ಬ ಪರಿಚಯದವರಿಗೆ" ಎಂದೆ. "ಹೌದ್ರಿ ಸರ, ಎಲ್ಲಾರೂ ಪರಿಚಯದವ್ರಿಗೇ ಒಯ್ತಾರ" ಎಂದು ಅವನು ವಿನಯದಿಂದ ಬೀಳ್ಕೊಟ್ಟ.

ಪ್ರವಾಸಿಗರು ಬರುವ ಊರಾದ್ದರಿಂದ ಬಾದಾಮಿಯಲ್ಲಿ ಸಿಕ್ಕೇ ಸಿಗುತ್ತದೆಂದು ಲೆಕ್ಕ ಹಾಕಿದೆ. ಷಡ್ಡಕ ಬರುವ ದಿನ ಬೆಳಿಗ್ಗೆ ಹೆಂಡತಿಯೊಂದಿಗೆ ಬನಶಂಕರಿಯ ದರ್ಶನ ಮುಗಿಸಿದೆ. ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ, ಕುಂಕುಮದ ಹಣೆಯಲ್ಲೇ ಅಂಗಡಿಗೆ ಹೋದೆ. ಈ ಸಲ ಹೆಲ್ಮೆಟ್ ಇರಲಿಲ್ಲ, ಪ್ರಯೋಜನವಿಲ್ಲವೆಂದು ಗೊತ್ತಾಗಿತ್ತಲ್ಲ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನೆಟ್ಟಗೆ ನಿಂತಿತ್ತು ಅದು: ಧೂಳು ಮೆತ್ತಿದ, ಲೇಬಲ್ಲು ಬಿಳಿಚಿಕೊಂಡ ಕ್ಯಾಬರ್ನೆ ಸಾವಿನ್ಯಾನ್. ವೈನು ಹಳೆಯದಾದಷ್ಟೂ ಶ್ರೇಷ್ಠವೆಂದು ಯಾವುದೋ ಸಿನಿಮಾದಲ್ಲಿ ನೋಡಿದ್ದೆ. ಅಂಗಡಿಯಾತ ಪ್ರಾಮಾಣಿಕ. "ಸರ, ಅದು ಶೋಕ್ಕ ಇಟ್ಟದ್ರಿ. ಯಾವ ಕಾಲದ್ದೋ ಏನೋ, ಬ್ಯಾಡ್ರಿ" ಎಂದ. ಚಾಲುಕ್ಯರ ಮಂಗಲೇಶ 578ರಲ್ಲಿ ಶಾಸನ ಹಾಕಿಸಿದ ಮೂರನೆಯ ಗುಹೆಯೇ ಇದೇ ಊರಲ್ಲಿ ಗಟ್ಟಿಮುಟ್ಟಾಗಿ ನಿಂತಿರುವಾಗ, ಒಂದು ಸೀಸೆ ಒಂದಿಷ್ಟು ಹಳೆಯದಾದರೆ ಏನಂತೆ? "ಅದಽ ಬೇಕು. ಧೂಳಾ ಒರಸಬ್ಯಾಡ" ಎಂದೆ. ಆತ ನನ್ನನ್ನು ಒಂದು ಸಲ, ಸೀಸೆಯನ್ನು ಒಂದು ಸಲ ನೋಡಿ, ರೇಟಿನಲ್ಲಿ ತಾನಾಗಿಯೇ ಕಡಿಮೆ ಮಾಡಿದ. ಆಗಲೂ ನನಗೆ ಸಂಶಯ ಬರಲಿಲ್ಲ ನೋಡಿ. ನನ್ನ ಆಯ್ಕೆಗೆ ತಲೆದೂಗಿದ ಎಂದುಕೊಂಡೆ.

ಮನೆಗೆ ಒಯ್ಯುವಂತಿಲ್ಲ. ಇಳಕಲ್ಲಿನಲ್ಲಿ ನಾದಿನಿಗೊಂದು ಸೀರೆ ಆರಿಸಬೇಕಿತ್ತು. ಷಡ್ಡಕ ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ದಾಟಿ ಇಳಕಲ್ಲಿಗೇ ಬಂದು ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಬಾದಾಮಿಗೆ ಹೊರಡುವ ಏರ್ಪಾಡು. ಹಾಗಾಗಿ ಸೀಸೆಯೂ ಕೈಚೀಲದಲ್ಲಿ ನಮ್ಮ ಜೊತೆ ಕೆಂಪು ಬಸ್ಸು ಹತ್ತಿತು. ಅಡ್ಡ ಮಲಗಿಸಬೇಕಲ್ಲ! ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ ಅಷ್ಟೂ ದೂರ ಅದನ್ನು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಹಂಪು ಬಂದಾಗೆಲ್ಲ ಎತ್ತಿ ಹಿಡಿದು ಕೂತೆ. ಅಮೀನಗಡದಲ್ಲಿ ಹೆಂಡತಿ ಕರದಂಟು ಕೊಂಡು ಅದೇ ಚೀಲಕ್ಕೆ ತುರುಕಲು ಬಂದಾಗ ಕೊಡಲಿಲ್ಲ. "ಅದಕ್ಕೂ ಉಸರಾಡಾಕ ಜಾಗ ಬೇಕು" ಎಂದೆ. ಅದೂ ಚೀಟಿಯಲ್ಲಿತ್ತು. ಪಕ್ಕದ ಸೀಟಿನ ಅಜ್ಜಿ "ಕೋಳಿ ಐತೇನಪಾ?" ಎಂದು ಕೇಳಿದಳು.

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತ ಮೇಲೆ ತಲೆಯೆತ್ತಿ ನೋಡುತ್ತೇನೆ, ಎದುರಿನ ಗೋಡೆಯ ಮೇಲೆ ಮಹಾಂತ ಸ್ವಾಮೀಜಿಯವರ ಭಾವಚಿತ್ರ. ಈ ಊರಿನ ಚಿತ್ತರಗಿ ವಿಜಯ ಮಹಾಂತೇಶ ಮಠದವರು. 1975ರಿಂದ ಊರೂರು ತಿರುಗಿ, ಕಾಳುಕಡಿ ಬೇಡದೆ ಜನರ ಕುಡಿತವನ್ನೂ ತಂಬಾಕನ್ನೂ ಭಿಕ್ಷೆಯಾಗಿ ಬೇಡಿ ಜೋಳಿಗೆಗೆ ಹಾಕಿಸಿಕೊಂಡವರು. ಅವರು ಹುಟ್ಟಿದ ಆಗಸ್ಟ್ 1 ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ನಾಡಿನಲ್ಲಿ ಸೀಸೆ ಹಿಡಿದು ಕೂರಲು ಬೇರೆ ಊರೇ ಇರಲಿಲ್ಲವೇ ನನಗೆ? ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಅದು ಗೋಡೆಗೆ ತಾಗಿ 'ಠಣ್' ಎಂದಿತು.

ವಿಭೂತಿ ಹಚ್ಚಿದ ಹಿರಿಯ ಯಜಮಾನರು ಸೀರೆ ಬಿಚ್ಚುವುದನ್ನು ನಿಲ್ಲಿಸಿದರು. "ಏನ್ರಿ ಸರ ಅದು?"

"ಔಷಧರೀ" ಎಂದೆ. ಔಷಧವೆಂದ ಮೇಲೆ ರೋಗ ಬೇಕು; ಕೆಮ್ಮಿದೆ. ಕೆಮ್ಮಿದ ಮೇಲೆ ಹೆಸರು ಬೇಕು, "ದ್ರಾಕ್ಷಾರಿಷ್ಟ" ಎಂದೆ. ಹೆಂಡತಿ ಸೀರೆಯ ಅಂಚು ನೋಡುವುದರಲ್ಲಿ ತಲ್ಲೀನಳಾದಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು.

ಇಲ್ಲಿ ಒಂದು ವಿಜ್ಞಾನ ಹೇಳಬೇಕು. ಬೂಚು ಒಣಗದಿರಲೆಂದು ಸೀಸೆಯನ್ನು ಮೊದಲಿನಿಂದಲೂ ಮಲಗಿಸಿಡುತ್ತಾರೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬೂಚು ಒಣಗಿ ಕುಗ್ಗಿದ ಸೀಸೆಯನ್ನು ಕೊನೆಗೊಂದು ದಿನ ಮಲಗಿಸಿದರೆ ಏನಾಗುತ್ತದೆ ಎಂಬುದು ನನ್ನ ಚೀಟಿಯಲ್ಲಿರಲಿಲ್ಲ. ಅದು ಸೋರುತ್ತದೆ. ನೀರು ಕುಡಿಯಲು ನಾನು ಚೀಲ ಎತ್ತಿ ಈಚೆಗಿಟ್ಟಾಗ ಬಟ್ಟೆಯ ತಳದಿಂದ ಹನಿಯೊಂದು ಜಾರಿ, ಎದುರಿಗೆ ಹರವಿದ್ದ ಸೆರಗಿನ ಮೇಲೆ ಬಿತ್ತು. ಇಳಕಲ್ ಸೆರಗು ತಿಳಿದೇ ಇದೆಯಲ್ಲ, ಕೆಂಪು ರೇಷ್ಮೆಯ ಟೋಪು ತೆನಿ, ನಡುನಡುವೆ ಬಿಳಿ. ಕೆಂಪಿನ ಮೇಲೆ ಬಿದ್ದಿದ್ದರೆ ಮಂಗಲೇಶನ ಗುಹೆ ಇರುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಬಿದ್ದದ್ದು ಬಿಳಿಯ ಮೇಲೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ನೇಯ್ದ ಸೀರೆ, ಅಂಗಡಿಯಲ್ಲೇ ಉತ್ತಮವಾದದ್ದು. ಹನಿಯ ಮೇಲೆ ಅಂಗೈಯೂರಿ, "ಇದಽ ಇರ್ಲಿ. ಪ್ಯಾಕ್ ಮಾಡ್ರಿ" ಎಂದೆ. ಬೆಲೆ ಕೇಳಲಿಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ಬೆಲೆ ಕೇಳದೆ ನಾನು ಕೊಂಡ ಮೊದಲ ಸೀರೆ. "ತಂಗಿಗೆ ಮತ್ತೊಂದು ತೋರಿಸ್ರಿ, ಇದು ನನಗಽ ಇರ್ಲಿ" ಎಂದಳು ಹೆಂಡತಿ, ಕಣ್ಣು ತುಂಬಿ. ನಾನು ಎರಡು ಸೀರೆಯ ದುಡ್ಡು ಎಣಿಸಿದೆ, ಒಂದೇ ಕೈಯಿಂದ.

ಅಷ್ಟರಲ್ಲಿ ಯಜಮಾನರ ಮೂಗಿಗೆ ವಾಸನೆ ಬಡಿದಿತ್ತು. "ಸರ, ನಿಮ್ಮ ದ್ರಾಕ್ಷಾರಿಷ್ಟ ಹುಳಿತು ಕೆಟ್ಟೈತಿ. ಕುಡೀಬ್ಯಾಡ್ರಿ" ಎಂದು ಕಳಕಳಿಯಿಂದ ಹೇಳಿ, ಹುಡುಗನನ್ನು ಔಷಧಿ ಅಂಗಡಿಗೆ ಅಟ್ಟಿ, ಅಸಲಿ ದ್ರಾಕ್ಷಾರಿಷ್ಟದ ಹೊಸ ಸೀಸೆ ತರಿಸಿ ಕೈಗಿತ್ತರು. ದುಡ್ಡು ಕೊಡಹೋದರೆ, "ನಿಮ್ಮ ಕೆಮ್ಮು ಕೇಳಲಾರೆ ಸರ" ಎಂದರು. ಅಂಥ ಮನುಷ್ಯರ ಮುಂದೆ ಇನ್ನೂ ಎರಡು ಸಲ ಕೆಮ್ಮದೆ ವಿಧಿಯಿರಲಿಲ್ಲ.

ಕಾರಿನಲ್ಲಿ ಷಡ್ಡಕ ಖುಷಿಯಾಗಿದ್ದ. "ಅಣ್ಣಾರ, ನಿಮ್ಮ ಮಗ್ಗಲದಾಗಽ ಎಂಥಾ ವೈನ್ ಆಗ್ತೈತಿ ನೋಡ್ರಿ! ಈಗ ದಾಟಿ ಬಂದ್ನೆಲ್ಲ ಕುಷ್ಟಗಿ ತಾಲೂಕು, ಅಲ್ಲೇ ಕೃಷ್ಮಾದವ್ರ ದ್ರಾಕ್ಷಿ ತ್ವಾಟ. ಕ್ಯಾಬರ್ನೆ, ಸಾಂಜೊವೇಸೆ, ಹೊರದೇಶದವ್ರೂ ಮೆಚ್ಚಿಕೊಂಡಾರ. 2007ರಾಗ ರಾಜ್ಯ ಸರ್ಕಾರ ವೈನ್ ನೀತಿ ತಂದಮ್ಯಾಲ ನಮ್ಮ ಕೃಷ್ಣಾ ಕಣಿವಿಗೂ ಹೆಸರು ಬಂತು." ನಾನು ಹೂಂಗುಟ್ಟಿದೆ. ಇಳಕಲ್ಲಿನ ಬಗಲಲ್ಲೇ ಬೆಳೆಯುವುದನ್ನು ಬಿಟ್ಟು ಬಾದಾಮಿಯ ಬಿಸಿಲಲ್ಲಿ ಬೆಂದದ್ದನ್ನು ಹೊತ್ತು ತಂದಿದ್ದೆ. "ಹಳೇದಾದಷ್ಟೂ ಛಲೋ ಅಲ್ಲೇನು?" ಎಂದು ಮೆಲ್ಲಗೆ ಕೇಳಿದೆ. "ಎಲ್ಲಿದ್ರಿ! ಬಹಳಷ್ಟು ವೈನ್ ಕೆಲವೇ ವರ್ಷದಾಗ ಕುಡಿಯಾಕ ಮಾಡಿದ್ದು. ಬಿಸಲಿಗಿಟ್ರಂತೂ ಸತ್ತಽ ಹೋಗ್ತೈತಿ" ಎಂದ ಪಾಪ, ಏನೂ ತಿಳಿಯದೆ. ಚೀಲದಲ್ಲಿ ಹೆಣವಿತ್ತು.

ಬಾದಾಮಿಯ ಹೋಟೆಲಿನ ರೂಮು ಸೇರಿ ಗ್ಲಾಸು ಜೋಡಿಸುವಷ್ಟರಲ್ಲಿ ಕರೆಂಟು ಹೋಯಿತು. ನನಗೆ ಹೋದ ಜೀವ ಬಂತು. ಕತ್ತಲೆಯಲ್ಲಿ ಲೇಬಲ್ಲಾದರೂ ಕಾಣದಲ್ಲ. ಚೀಲಕ್ಕೆ ಕೈ ಹಾಕಿ ಸೀಸೆ ಎತ್ತಿದೆ. ಹಗುರವಾಗಿತ್ತು, ಸೋರಿದೆಯಲ್ಲ ಎಂದುಕೊಂಡೆ. ಬಿರಡೆ ಸಲೀಸಾಗಿ ಬಿಚ್ಚಿತು. ಮೊದಲೇ ಸಡಿಲಾಗಿತ್ತಲ್ಲ ಎಂದುಕೊಂಡೆ. ಎರಡು ಗ್ಲಾಸಿಗೆ ಸುರಿದು, ಚೀಟಿಯಲ್ಲಿದ್ದಂತೆ ತಿರುಗಿಸಿ ಕೊಟ್ಟೆ.

ಷಡ್ಡಕ ಮೂಸಿದ. ಗುಟುಕರಿಸಿದ. ಬಹಳ ಹೊತ್ತು ಸುಮ್ಮನಿದ್ದ.

"ದಾಲ್ಚಿನ್ನಿ ಐತಿ" ಎಂದ. "ಏಲಕ್ಕಿ... ಹಿಂದಽ ಮೆಣಸು... ಹಿಪ್ಪಲಿ ಬ್ಯಾರೆ ಬಂತು. ಕಡೀಕ ಬೆಲ್ಲ. ಅಣ್ಣಾರ, ಇಂಥಾದ್ದು ನಾನು ಎಲ್ಲೂ ಕುಡಿದಿಲ್ಲ!"

ನನ್ನೆದೆ ಉಬ್ಬಿತು. "ಫುಲ್ ಬಾಡಿ" ಎಂದೆ.

ಕರೆಂಟು ಬಂತು. ಅವನು ಸೀಸೆಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಲೇಬಲ್ಲನ್ನು ಗಂಭೀರವಾಗಿ ಓದಿದ: "ಊಟದ ನಂತರ, ಸಮಪ್ರಮಾಣ ನೀರಿನೊಂದಿಗೆ. ಅಣ್ಣಾರ, ನಾವಿನ್ನೂ ಊಟಾನಽ ಮಾಡಿಲ್ಲಲ್ರಿ?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಹೊಸ ಸೀರೆ ಉಟ್ಟು. "ರೊಟ್ಟಿ ಬುತ್ತಿ ಬಿಚ್ಚೀನಿ, ಇಬ್ರೂ ಬರ್ರಿ" ಎಂದಳು. "ಔಷಧ ಆಮ್ಯಾಲ ತಗೊಳ್ಳೀರಂತ."