ಪಲ್ಯ ಮೀಮಾಂಸೆ

ಪೀಠಿಕೆ: ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ ಬರೆದು ಬದನೆ, ಬಾಳೆ, ಹಲಸು, ಕಳಲೆಗಳನ್ನು ಬೇಯಿಸುವ ಕ್ರಮವನ್ನು ಕನ್ನಡಿಗರಿಗೆ ಹೇಳಿಕೊಟ್ಟ. ಬೇಯಿಸಿದ್ದನ್ನು ಮನೆಮಂದಿಗೆ ತಿನ್ನಿಸುವ ಶಾಸ್ತ್ರ ಮಾತ್ರ ಐನೂರು ವರ್ಷಗಳಿಂದ ಬಾಕಿ ಉಳಿದಿದೆ. ಆ ಕೊರತೆಯನ್ನು ನೀಗಲೆಂದು ಶಿವಮೊಗ್ಗದ ಗಾಂಧಿ ಬಜಾರನ್ನು ಕ್ಷೇತ್ರವೆಂದೂ ರಾತ್ರಿಯೂಟದ ತಟ್ಟೆಯನ್ನು ಪ್ರಮಾಣವೆಂದೂ ಸ್ವೀಕರಿಸಿ ಈ ಪ್ರಬಂಧವನ್ನು ರಚಿಸಲಾಗಿದೆ.

ಪ್ರಥಮ ಸೂತ್ರ: ಹಣ್ಣು ಇರುವುದು ಪರರಿಗಾಗಿ.
ಭಾಷ್ಯ: ಬಜಾರಿನಲ್ಲಿ ಹಣ್ಣು ಕೊಳ್ಳುವವರು ಮೂರು ಬಗೆ. ದೇವರ ಮುಂದಿಡುವವರು, ಆಸ್ಪತ್ರೆಗೆ ಒಯ್ಯುವವರು, ನೆಂಟರ ಮನೆಗೆ ಬರಿಗೈಯಲ್ಲಿ ಹೋಗಲು ನಾಚುವವರು. ಜ್ವರವಿಲ್ಲದ ಮನುಷ್ಯ ತಾನೇ ತಿನ್ನಲೆಂದು ಮೋಸಂಬಿ ಕೊಂಡರೆ ಅಂಗಡಿಯವನೇ “ಯಾರಿಗೆ ಹುಷಾರಿಲ್ಲ ಸಾರ್?” ಎಂದು ಕೇಳಿಯಾನು. ಪೂಜೆ ಮುಗಿದು ಉಳಿದ ಬಾಳೆಹಣ್ಣು ಸಿಪ್ಪೆ ಕಪ್ಪಾದ ಮೇಲಷ್ಟೇ ರಸಾಯನವಾಗಿ ಸದ್ಗತಿ ಪಡೆಯುತ್ತದೆ. ಕಾಯಿಗಳಲ್ಲೆಲ್ಲ ಗಜಗಾತ್ರದ ಬೂದುಗುಂಬಳಕ್ಕಂತೂ ಆಯುಧಪೂಜೆಯಂದು ನಡುರಸ್ತೆಯಲ್ಲೇ ಮೋಕ್ಷ.

ದ್ವಿತೀಯ ಸೂತ್ರ: ತಟ್ಟೆಗೆ ಬಿದ್ದ ಹೋಳು ಅಂಚಿಗೆ ಸರಿಯುತ್ತದೆ.
ಭಾಷ್ಯ: ಹುಳಿಯ ರಸ ಅನ್ನಕ್ಕೆ, ಹೋಳು ಅಂಚಿಗೆ. ಮೂಲಂಗಿ, ಸೀಮೆಬದನೆ, ಸೋರೆ ಎಂಬ ಭೇದ ಇಲ್ಲಿಲ್ಲ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಕೊಸರಾಗಿ ಗಿಟ್ಟಿಸಿದ ಕರಿಬೇವು ಎಲ್ಲಕ್ಕಿಂತ ಮೊದಲು ಅಲ್ಲಿಗೆ ತಲುಪುತ್ತದೆ.

ಪೂರ್ವಪಕ್ಷ: “ನಮ್ಮನೇಲಿ ದಿನಾ ಪಲ್ಯ ಇರುತ್ತಲ್ರೀ!”
ಖಂಡನೆ: ಇರುತ್ತದೆ, ಆಲೂಗಡ್ಡೆಯದು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ ಆಲೂಗಡ್ಡೆಯನ್ನು ಲೆಕ್ಕದಿಂದಲೇ ಹೊರಗಿಟ್ಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಇನ್ನೂ ಕಟ್ಟುನಿಟ್ಟು: ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಅದರ ಮೇಲೆ 100 ಗ್ರಾಂ ಹಣ್ಣು. ನಾಲ್ವರು ದೊಡ್ಡವರಿದ್ದರೆ ಒಟ್ಟು 2 ಕೆಜಿ. ಕಾಲು ಕೆಜಿ ಬೀನ್ಸಿನಲ್ಲಿ ಎರಡು ಹೊತ್ತು ದಾಟಿಸುವ ಗೃಹಸ್ಥರು ಈ ಗಣಿತದಲ್ಲಿ ನಪಾಸು.

ಸಿದ್ಧಾಂತ: ಪರಿಹಾರ ಎರಡು, ಎರಡೂ ಹಳೆಯವು. ಮೊದಲನೆಯದು ಮಲೆನಾಡಿನ ಅಜ್ಜಿಯರದು: ರುಬ್ಬುವುದು. ಒಂದೆಲಗ ತಂಬುಳಿಯಾಗಿ, ಹೀರೆಸಿಪ್ಪೆ ಚಟ್ನಿಯಾಗಿ, ಸೌತೆಕಾಯಿ ದೋಸೆಯೊಳಗೆ ಹೊಕ್ಕು ಬಂದರೆ ಹೆಕ್ಕಿ ಅಂಚಿಗಿಡಲು ಹೋಳೇ ಸಿಗದು. ಎರಡನೆಯದು ಮದುವೆಮನೆಯ ಅಡುಗೆಭಟ್ಟರದು: ಎಲೆಗೆ ಕೋಸಂಬರಿ, ಪಲ್ಯ ಮೊದಲು; ಅನ್ನ ಆಮೇಲೆ. ಅನ್ನದ ಬುಟ್ಟಿ ಬರುವವರೆಗೆ ಹಸಿದ ಕೈ ಸುಮ್ಮನಿರುವುದಿಲ್ಲ. ತರಕಾರಿ ಎಂದರೆ ಮುಖ ಸಿಂಡರಿಸುವವರೂ ಅಷ್ಟರಲ್ಲಿ ಕೋಸಂಬರಿ ಖಾಲಿ ಮಾಡಿರುತ್ತಾರೆ. ಇದೇ ಕ್ರಮ ರಾತ್ರಿಯೂಟಕ್ಕೂ ಸಲ್ಲುತ್ತದೆ, ಖರ್ಚು ಸೊನ್ನೆ.

ನಿರ್ಣಯ: “ಮಕ್ಕಳು ತರಕಾರಿ ಮುಟ್ಟೋದೇ ಇಲ್ಲ” ಎಂಬ ದೂರನ್ನು ವಿಚಾರಣೆಗೆ ಎತ್ತಿಕೊಂಡಾಗ ಮೊದಲ ಆರೋಪಿಯಾಗಿ ಸಿಕ್ಕಿದ್ದು ಅಪ್ಪನ ತಟ್ಟೆ. ಅಲ್ಲಿ ಬದನೆಕಾಯಿ ಅಂಚಿಗೆ ಸರಿಯುತ್ತಿರುವಾಗ ಅಮ್ಮ ಎಷ್ಟು ಹೇಳಿದರೂ ಮಗು ನಂಬುವುದಿಲ್ಲ. ಆದ್ದರಿಂದ ಯಜಮಾನರೇ, ಇವತ್ತು ಸಂಜೆ ಬಜಾರಿನಿಂದ ಹರಿವೆಸೊಪ್ಪು ತನ್ನಿ, ನೀವೇ ಕೂತು ಬಿಡಿಸಿಕೊಡಿ, ಊಟಕ್ಕೆ ಕೂತಾಗ ಮೊದಲ ತುತ್ತು ನೀವೇ ತಿನ್ನಿ. ಉಪದೇಶವನ್ನು ಆಮೇಲೆ ನೋಡಿಕೊಳ್ಳೋಣ.