ಕಿಂಡಿ ಬದಲಿಸುವ ಕಲಿಗಳು

ಗಂಡಸರಿಗೆ ಮನೆಗೆಲಸ ಒಗ್ಗುವುದಿಲ್ಲ ಎನ್ನುವವರು ಅವರ ಕೈಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು ನೋಡಿಲ್ಲ. ನನ್ನ ಭಾವಮೈದನನ್ನೇ ತಗೊಳ್ಳಿ. ಸೋರುವ ನಲ್ಲಿಗೆ ವಾಷರ್ ಹಾಕಪ್ಪಾ ಅಂದರೆ ಪ್ಲಂಬರ್ ನಂಬರ್ ಹುಡುಕುವ ಆಸಾಮಿ. ಅವನೇ, ವಿಡಿಯೋ ಗೇಮ್ ಕಂಟ್ರೋಲರಿನ ಚಾರ್ಜಿಂಗ್ ಕಿಂಡಿ ಬದಲಿಸುವುದೆಂದರೆ ಭಾನುವಾರ ಸ್ನಾನಕ್ಕೂ ಮೊದಲೇ ಊಟದ ಮೇಜು ಹಿಡಿಯುತ್ತಾನೆ. "ಹತ್ತೇ ನಿಮಿಷ ಭಾವ!" ಆ ಹತ್ತು ನಿಮಿಷದೊಳಗೆ ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂಡಿಯನ್ನೂ ಮುಗಿಸಿರುತ್ತೇವೆ, ಮಧ್ಯಾಹ್ನದ ಊಟವನ್ನೂ.

ಹಳೇ ಕಿಂಡಿಯ ಬಗ್ಗೆ ಅವನ ತಕರಾರೇನೋ ನ್ಯಾಯವಾದದ್ದೇ. 2013ರಲ್ಲಿ ಪ್ಲೇಸ್ಟೇಷನ್ 4ರ ಜೊತೆ ಬಂದ ಡ್ಯುಯಲ್‌ಶಾಕ್ 4 ಕಂಟ್ರೋಲರಿಗೆ ಇರುವುದು ಮೈಕ್ರೋ ಯುಎಸ್‌ಬಿ. ಅದರ ಅಣ್ಣ ಡ್ಯುಯಲ್‌ಶಾಕ್ 3ಕ್ಕೆ ಮಿನಿ ಯುಎಸ್‌ಬಿ. 2020ರಲ್ಲಿ ಹುಟ್ಟಿದ ತಮ್ಮ ಡ್ಯುಯಲ್‌ಸೆನ್ಸ್‌ಗೆ ಟೈಪ್-ಸಿ. ಒಂದೇ ಮನೆತನ, ಮೂರು ಮೂತಿ. ಫೋನು, ಇಯರ್‌ಬಡ್ಸು, ಕೊನೆಗೆ ಗಡ್ಡ ಬೋಳಿಸುವ ಟ್ರಿಮ್ಮರೂ ಸಿ ಆಗಿ ಕೂತಿರುವಾಗ ಡ್ಯುಯಲ್‌ಶಾಕ್ 4 ಒಂದಕ್ಕಾಗಿ ಹಳೇ ಕೇಬಲ್ ಹುಡುಕಿ ಮನೆಯ ಡ್ರಾಯರುಗಳನ್ನೆಲ್ಲ ಬುಡಮೇಲು ಮಾಡಬೇಕು. ಸಿಕ್ಕರೂ ಅದು ಒಂದೇ ಮಗ್ಗುಲಲ್ಲಿ ಹೋಗುವಂಥದ್ದು. ಮೊದಲ ಸಲ ಚುಚ್ಚಿದಾಗ ಅದು ತಲೆಕೆಳಗೇ ಆಗಿರುತ್ತದೆ ಎಂಬುದನ್ನು ನಾನು ನ್ಯೂಟನ್ನನ ನಿಯಮಗಳ ಪಕ್ಕದಲ್ಲಿಡುತ್ತೇನೆ. ಸಿ ಹಾಗಲ್ಲ. 24 ಪಿನ್ನುಗಳನ್ನು ಎರಡು ಸಾಲಾಗಿ ಜೋಡಿಸಿರುವುದರಿಂದ ಹೇಗೆ ಚುಚ್ಚಿದರೂ ಒಂದೇ.

ಇನ್ನು ನಮ್ಮ ಹುಡುಗರು ಆಡುವ ಚಂದ ನೋಡಬೇಕು. ಬ್ಯಾಟರಿ ಇರುವುದು ಸಾವಿರ ಮಿಲಿಆಂಪ್-ಅವರ್. ಆಟ ರಂಗೇರಿದಾಗಲೇ ಅದು ಕೈಕೊಡುತ್ತದೆ. ಆಗ ಕೇಬಲ್ ಚುಚ್ಚಿಕೊಂಡೇ ಆಟ. ಫುಟ್‌ಬಾಲ್ ಗೇಮಿನಲ್ಲಿ ಗೋಲು ತಪ್ಪಿತೆಂದು ಇಡೀ ಮೈ ಎಡಕ್ಕೆ ವಾಲಿದರೆ ಕೇಬಲ್ಲೂ ವಾಲುತ್ತದೆ, ಕಿಂಡಿಯೂ ವಾಲುತ್ತದೆ. ಕೆಲವು ತಿಂಗಳಾದ ಮೇಲೆ "ಹಿಂಗೆ ಸ್ವಲ್ಪ ಮೇಲಕ್ಕೆ ಒತ್ತಿ ಹಿಡಿದರೆ ಚಾರ್ಜ್ ಆಗತ್ತೆ" ಎನ್ನುವ ಹಂತ. ರಬ್ಬರ್ ಬ್ಯಾಂಡ್, ಕೆಳಗೆ ಎತ್ತರಕ್ಕೆ ಕೊಟ್ಟ ಎರಡು ರೂಪಾಯಿ ನಾಣ್ಯ. ವೈರ್‌ಲೆಸ್ ಎಂದು ಹೊಗಳಿ ತಂದ ವಸ್ತುವಿಗೆ ಇಷ್ಟು ವೈರಿನ ಪುರಾಣ!

ಸರ್ಕಾರ ಏನಾದರೂ ಮಾಡಬಾರದೇ ಅಂತೀರೇನೋ. ಯುರೋಪಿನವರು ಮಾಡಿದ್ದಾರೆ. 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರಾಟಕ್ಕೆ ಬರುವ ಫೋನು, ಟ್ಯಾಬ್ಲೆಟ್ಟು, ಕ್ಯಾಮೆರಾ, ಕೀಬೋರ್ಡು, ಮೌಸು, ಕೈಯಲ್ಲಿ ಹಿಡಿದಾಡುವ ಗೇಮ್ ಕನ್ಸೋಲು, ಎಲ್ಲಕ್ಕೂ ಸಿ ಕಿಂಡಿ ಕಡ್ಡಾಯ. ಪಟ್ಟಿಯಲ್ಲಿ ಕಂಟ್ರೋಲರಿನ ಹೆಸರು ಮಾತ್ರ ಇಲ್ಲ. ಇದ್ದಿದ್ದರೂ ನಮ್ಮನೆಯ ಮುದಿ ಕಂಟ್ರೋಲರಿಗೆ ಕಾನೂನು ಬಂದು ಕಿಂಡಿ ಕೊರೆಯುತ್ತಿರಲಿಲ್ಲ ಬಿಡಿ.

ಹಾಗಾಗಿ ಕಲಿಗಳೇ ಗತಿ. ಇವರಲ್ಲಿ ಎರಡು ಪಂಗಡ. ಮೊದಲನೆಯದು ಬೆಸುಗೆ ಪಂಗಡ. ಹಳೆಯ ಕಿಂಡಿಯನ್ನು ಕಾಯಿಸಿ ಕಿತ್ತು, ಸಾಸಿವೆಗಿಂತ ಸಣ್ಣ ಕಾಲುಗಳಿಗೆ ಸೀಸ ಮುಟ್ಟಿಸಿ ಹೊಸದನ್ನು ಕೂರಿಸುವವರು. ಇವರಿಗೆ ಕಂಟ್ರೋಲರ್ ಒಂದು ನೆಪ, ಫ್ಲಕ್ಸ್ ಸುಡುವ ವಾಸನೆಯೇ ಪರಮಾರ್ಥ. ಎರಡನೆಯದು ಬುದ್ಧಿವಂತರ ಪಂಗಡ. ಡ್ಯುಯಲ್‌ಶಾಕ್ 4ರಲ್ಲಿ ಕಿಂಡಿ ಮುಖ್ಯ ಬೋರ್ಡಿನ ಮೇಲಿಲ್ಲ. ಮುಂದುಗಡೆ ನೀಲಿಯಾಗಿ ಹೊಳೆಯುವ ದೀಪದ ಜೊತೆ ಬೇರೆಯೇ ಒಂದು ಪುಟ್ಟ ಬೋರ್ಡಿನಲ್ಲಿದೆ. ಆ ಬೋರ್ಡನ್ನೇ ತೆಗೆದು, ಸಿ ಕಿಂಡಿ ಇರುವ ಬೋರ್ಡು ಕೂರಿಸಿದರೆ ಆಯಿತು. ಬೆಸುಗೆಯೂ ಬೇಡ, ಹೊಗೆಯೂ ಬೇಡ. ಬೆನ್ನಿನಲ್ಲಿ ನಾಲ್ಕೇ ಸ್ಕ್ರೂ. ಆದರೆ ಒಳಗೆ ಬೆನ್ನಿಗೂ ಹೊಟ್ಟೆಗೂ ಒಂದು ತೆಳು ರಿಬ್ಬನ್ ಕೇಬಲ್ ಸಂಬಂಧ ಇಟ್ಟುಕೊಂಡಿರುತ್ತದೆ. ಹಲಸಿನ ಹಣ್ಣು ಬಿಡಿಸಿದ ಹಾಗೆ ಎರಡೂ ಕೈಯಲ್ಲಿ ಅಗಲಿಸಿದಿರೋ, ಅದು ಹರಿಯುತ್ತದೆ. ಇತ್ತ ಹಿಂದಿನ ಗುಂಡಿಗಳ ಸ್ಪ್ರಿಂಗು ಚಿಮ್ಮಿ ಸೋಫಾದ ಕೆಳಗೆ ಹೋಗುತ್ತದೆ. ಮನೆಮಂದಿಯೆಲ್ಲ ಮೊಬೈಲ್ ಟಾರ್ಚ್ ಹಿಡಿದು ನೆಲ ಸೇರುತ್ತಾರೆ.

ಬೋರ್ಡು ಎಲ್ಲಿ ಸಿಗುತ್ತದೆ? ಬೆಂಗಳೂರಿನವರಿಗೆ ಎಸ್.ಪಿ. ರೋಡಿದೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಮಿಕ್ಕವರಿಗೆ ಆನ್‌ಲೈನಿದೆ. ಆದರೆ "ಪಿಎಸ್ ಫೋರ್‌ದು ಕೊಡಿ" ಅಂದರೆ ಸಾಲದು. "ಜೆಡಿಎಸ್ ಎಷ್ಟು ಸಾರ್?" ಎಂದು ಎದುರು ಪ್ರಶ್ನೆ ಬರುತ್ತದೆ. ಗಾಬರಿಯಾಗಿ ವಿಧಾನಸಭೆಯ ಲೆಕ್ಕ ಒಪ್ಪಿಸಬೇಡಿ. ಒಳಗಿನ ಬೋರ್ಡಿನ ಮೇಲೆ ಜೆಡಿಎಸ್-001, 011, 030, 040 ಎಂದೆಲ್ಲ ಅಚ್ಚಾಗಿರುತ್ತದೆ, ಅದನ್ನು ಕೇಳುತ್ತಿದ್ದಾನೆ. ಒಂದು ಬಣದ್ದು ಇನ್ನೊಂದಕ್ಕೆ ಹೊಂದುತ್ತದೆಂಬ ಖಾತ್ರಿಯಿಲ್ಲ. ರಿಬ್ಬನ್ನಿನಲ್ಲೇ 12 ಪಿನ್ನಿನದು ಬೇರೆ, 14 ಪಿನ್ನಿನದು ಬೇರೆ. ಆದ್ದರಿಂದ ಮೊದಲು ಬಿಚ್ಚಿ ನಂಬರ್ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಇಷ್ಟೆಲ್ಲ ಆಗಿ, ಸ್ಕ್ರೂ ಮುಚ್ಚಿ, ಫೋನಿನ ಹೊಸ ಚಾರ್ಜರಿಗೆ ಚುಚ್ಚಿದರೆ ದೀಪ ಕೂಡ ಹತ್ತುವುದಿಲ್ಲ! ನಮ್ಮ ಕಲಿಯ ಮುಖ ಆಗ ನೋಡಬೇಕಿತ್ತು. ಬೋರ್ಡಿನದು ತಪ್ಪಿಲ್ಲ ಅಂದುಕೊಂಡು ರಿಬ್ಬನ್ನು, ಬ್ಯಾಟರಿ ಎಲ್ಲವನ್ನೂ ಅನುಮಾನಿಸಿದ. ಅಸಲಿಗೆ ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜರ್ ಸುಮ್ಮನೆ ಕರೆಂಟು ಬಿಡುವುದಿಲ್ಲ. ಆ ಕಡೆ 5.1 ಕಿಲೋಓಮ್‌ನ ರೆಸಿಸ್ಟರ್ ಕಂಡರಷ್ಟೇ ಬಿಡುತ್ತದೆ. ಕೇಬಲ್ ಯಾವ ಮಗ್ಗುಲಲ್ಲಿ ಬರುತ್ತದೋ ಗೊತ್ತಿಲ್ಲವಲ್ಲ, ಅದಕ್ಕೆ ಎರಡು ಪಿನ್ನಿಗೆ ಎರಡು ರೆಸಿಸ್ಟರ್ ಬೇಕು. ಕಾಸು ಉಳಿಸಲು ಅಗ್ಗದ ಬೋರ್ಡಿನವರು ಅವೆರಡನ್ನೇ ನುಂಗಿರುತ್ತಾರೆ. ಆಗ ಹಳೆಯ ಚಪ್ಪಟೆ ಯುಎಸ್‌ಬಿ-ಎ ತುದಿಯ ಕೇಬಲ್ಲೇ ಬೇಕು. ಯಾವ ಡ್ರಾಯರ್ ಮುಚ್ಚಲು ಇಷ್ಟೆಲ್ಲ ಪಾಡುಪಟ್ಟರೋ ಅದನ್ನೇ ಮತ್ತೆ ತೆರೆಯಬೇಕು! ಘಟಾನುಘಟಿಗಳೂ ಇಲ್ಲಿ ಎಡವಿದ್ದುಂಟು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎರಡು ಪಿನ್ನಿಗೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ, ಕೆಲವು ಕೇಬಲ್‌ಗಳಿಗೆ ಅದು ಮಿಸುಕದೆ, ಆಮೇಲೆ ಬೋರ್ಡನ್ನೇ ತಿದ್ದಬೇಕಾಯಿತು.

ಸಿ ಹಾಕಿದರೆ ರಾಕೆಟ್ಟಿನ ಹಾಗೆ ಚಾರ್ಜ್ ಆಗುತ್ತದೆಂಬ ನಂಬಿಕೆಯೂ ಇದೆ. ಆಗುವುದಿಲ್ಲ. ಎಷ್ಟು ಕರೆಂಟು ಕುಡಿಯಬೇಕೆಂದು ತೀರ್ಮಾನಿಸುವುದು ಒಳಗಿನ ಹಳೇ ಚಿಪ್ಪು, ಹೊಸ ಬಾಯಲ್ಲ.

ಹಾಗಾದರೆ ಮಾಡಬೇಕೋ ಬೇಡವೋ? ಕಿಂಡಿ ಗಟ್ಟಿಯಾಗಿದ್ದರೆ ಬೇಡ, ಕೇಬಲ್ಲಿಗೊಂದು ಮೊಳೆ ಹೊಡೆದು ನೇತುಹಾಕಿ. ಸಡಿಲವಾಗಿದ್ದರೆ ಧೈರ್ಯವಾಗಿ ಮಾಡಿ. ಹೊಸ ಕಂಟ್ರೋಲರಿನ ಬೆಲೆಯ ಮುಂದೆ ಆ ಪುಟ್ಟ ಬೋರ್ಡಿನದು ಏನೇನೂ ಅಲ್ಲ. ಬಿಚ್ಚಿದ ತಕ್ಷಣ ಬ್ಯಾಟರಿಯ ವೈರು ಕಳಚಿಡಿ. ಬೋರ್ಡು ಕೊಳ್ಳುವಾಗ ಎರಡೂ ತುದಿ ಸಿ ಇರುವ ಕೇಬಲ್ಲಿಗೆ ನಡೆಯುತ್ತದೆಯೇ ಎಂದು ಕೇಳಿ. ಆ ಎರಡು ರೆಸಿಸ್ಟರ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.