ಇಸ್ತ್ರಿ ಮಾಡಿದ ವಿಮಾನ

ನಜ್ಮಾದಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಪುಕ್ಕಟೆ. ದೋಹಾದ ಹಳೆಯ ವಿಮಾನ ನಿಲ್ದಾಣ ಇಲ್ಲಿಂದ ದೂರವೇನಲ್ಲ. 2014ರಲ್ಲಿ ಪ್ರಯಾಣಿಕರೆಲ್ಲ ಹಮದ್ ನಿಲ್ದಾಣಕ್ಕೆ ವರ್ಗವಾದರೂ ನಮ್ಮ ತಾರಸಿಗೆ ಆ ಸದ್ದಿನ ಬರ ಬಂದಿಲ್ಲ. ಇನ್ನು ಹಳೆಯ ಸಾಮಾನಿಗೆ ಸೂಕ್ ಹರಾಜ್ ಇದೆ. ಯಾರದೋ ಸೋಫಾ, ಇನ್ಯಾರದೋ ಫ್ರಿಜ್ ಹೊಸ ಯಜಮಾನನಿಗಾಗಿ ಕಾಯುತ್ತ ಕೂರುವ ಆ ಸಂತೆಯಲ್ಲಿ ನಾನೊಂದು ಬೈನಾಕ್ಯುಲರ್ ಕೊಂಡೆ. ಅದರ ಎಡಗಣ್ಣಿಗೆ ಪೊರೆ ಬಂದಿತ್ತು.

ಕೊಂಡದ್ದು 2019ರ ಜೂನ್ ಕೊನೆಯಲ್ಲಿ. ದೋಹಾದ ನೈಋತ್ಯಕ್ಕಿರುವ ಅಲ್ ಉದೈದ್ ವಾಯುನೆಲೆಗೆ ಅಮೆರಿಕದ ಎಫ್-22 ವಿಮಾನಗಳು ಮೊದಲ ಬಾರಿ ಬಂದಿಳಿದಿವೆ ಎಂದು ಸುದ್ದಿ. ರಾಡಾರಿಗೆ ಸಿಗದ ವಿಮಾನ! ಒಂಬತ್ತು ವರ್ಷದ ಮಗನಿಗೆ ನಿದ್ದೆ ಹಾರಿಹೋಯಿತು. ಸಂಜೆ ಆರಕ್ಕೂ ದೋಸೆ ಕಾವಲಿಯಂತಿದ್ದ ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ಕೂತೆವು.

"ರಾಡಾರಿಗೇ ಕಾಣದ್ದು ನಿಮಗೆ ಕಾಣುತ್ತಾ? ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ" ಎಂದಳು ಹೆಂಡತಿ. ಜೊತೆಗೆ, ಇದು ಪರದೇಶ, ಫೋಟೊ ಗೀಟೊ ತೆಗೆದೀರಿ ಜೋಕೆ, ಅಂತ ಫೋನನ್ನೂ ಕಿತ್ತಿಟ್ಟುಕೊಂಡಳು.

ಮಗ ನನಗೆ ಪಾಠ ಶುರು ಮಾಡಿದ. ಕಣ್ಣಿಗೆ ಕಾಣದ ವಿಮಾನ ಇಲ್ಲವೇ ಇಲ್ಲವಂತೆ. ರಾಡಾರ್ ಬಿಟ್ಟ ಅಲೆ ವಿಮಾನಕ್ಕೆ ಬಡಿದು ಬಿಟ್ಟವನ ಬಳಿಗೇ ಮರಳಬೇಕು, ಆಗಷ್ಟೇ ವಿಮಾನ ಸಿಕ್ಕಿಬಿದ್ದಂತೆ. ಈ ವಿಮಾನ ಆ ಅಲೆಯಲ್ಲಿ ಒಂದಿಷ್ಟನ್ನು ಮೈಬಣ್ಣದಲ್ಲಿ ನುಂಗಿ, ಉಳಿದದ್ದನ್ನು ಬೇರೆಲ್ಲೋ ಎಸೆಯುತ್ತದೆ. ಸಾಲ ಕೊಟ್ಟವನು ಎದುರಾದಾಗ ನಾವು ಅಂಗಡಿ ಬೋರ್ಡು ಓದತೊಡಗುವ ಹಾಗೆ. ರೆಕ್ಕೆಗೆ ನೆಟ್ಟಗೆ ನಿಂತ ಬಾಲ ಅಲೆಯನ್ನು ಬಂದ ದಾರಿಗೇ ಅಟ್ಟುತ್ತದೆ, ಅದಕ್ಕೇ ಎರಡು ಬಾಲವೂ ಹೊರಕ್ಕೆ ಓರೆ. ನೇತುಹಾಕಿದ ಬಾಂಬು ಚಾಡಿ ಹೇಳುತ್ತದೆ, ಅದಕ್ಕೇ ಎಲ್ಲ ಹೊಟ್ಟೆಯೊಳಗೆ. ಹೊಟ್ಟೆಯ ಬಾಗಿಲಿನ ಅಂಚೂ ಗರಗಸದ ಹಲ್ಲು. ಅಡಗುವ ಪೇಚಾಟದಲ್ಲಿ ಅದರ ಆಕಾರ ಎಷ್ಟು ಸೊಟ್ಟಗಾಗಿದೆಯೆಂದರೆ, ನೂರು ವಿಮಾನಗಳ ನಡುವೆಯೂ ಗುರುತು ಹಿಡಿಯಬಹುದು.

ಅಷ್ಟರಲ್ಲಿ ದೂರದಲ್ಲೊಂದು ಗುಡುಗಿತು. ಎರಡು ಬಾಲ! "ಎಫ್-22!" ಎಂದು ಕೂಗಿದೆ. ಮಗ ಕೈಯಿಂದ ಬೈನಾಕ್ಯುಲರ್ ಕಿತ್ತುಕೊಂಡು ನೋಡಿ, "ಎಫ್-15 ಅಪ್ಪಾ. ಬಾಲ ಡ್ರಿಲ್ ಮೇಷ್ಟ್ರ ಥರ ನೆಟ್ಟಗಿಲ್ವಾ?" ಎಂದ. ಬಾಲ ಓರೆಯಿದ್ದರೆ ಸಾಕೇ ಎಂದರೆ ಅದೂ ಸಾಲದು, ಎಫ್-18ಕ್ಕೂ ಓರೆಯೇ, ಆದರೆ ಅದು ಕಳ್ಳವಿಮಾನವಲ್ಲ. ಹಿಂದಿನಿಂದ ನೋಡಬೇಕು: ಎಫ್-22ಕ್ಕೆ ಚಪ್ಪಟೆ ಆಯತದ ಎರಡು ಬಾಯಿ, ಎಫ್-35ಕ್ಕೆ ದುಂಡನೆಯದು ಒಂದೇ. ನನ್ನ ಬಲಗಣ್ಣಿನ ಬೈನಾಕ್ಯುಲರಿಗೆ ಇವೆಲ್ಲ ಅತಿಯಾಯಿತು. ಆ ಬೇಸಿಗೆಯಿಡೀ ಕಾದರೂ ಒಂದೂ ಎಫ್-22 ಕಾಣಲಿಲ್ಲ. ನನ್ನ ಮೂಗಿನ ಸಿಪ್ಪೆ ಮಾತ್ರ ಎದ್ದಿತು.

ಆದರೆ ಓದುವ ಚಟ ಅಂಟಿತು. ಈ ಜಾತಿಯ ಹಿರಿಯಣ್ಣ ಎಫ್-117 ಹಾರಿದ್ದು 1981ರಲ್ಲಿ, ಅಮೆರಿಕ ಅದನ್ನು ಒಪ್ಪಿಕೊಂಡದ್ದು 1988ರಲ್ಲಿ. ಅಂದಿನ ಕಂಪ್ಯೂಟರಿಗೆ ಬಾಗಿದ ಮೈಯ ಲೆಕ್ಕ ಭಾರವಾಗಿ, ಚಪ್ಪಟೆ ಹಲಗೆಗಳನ್ನೇ ಜೋಡಿಸಿದ್ದರು. ಸ್ಕೂಲ್ ಹುಡುಗ ಮಡಚಿದ ಕಾಗದದ ವಿಮಾನದಂತಿತ್ತು. ತಮಾಷೆಯೆಂದರೆ ಆ ಲೆಕ್ಕದ ಬೇರು ಸೋವಿಯತ್ ವಿಜ್ಞಾನಿ ಉಫಿಮ್ತ್ಸೆವ್ 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿತ್ತು. ಜಗಳದ ಮನೆಯಿಂದ ಹೆಪ್ಪು ತಂದು ಮೊಸರು ಮಾಡಿದ ಹಾಗೆ. ಇನ್ನೊಂದು: ಮಾಮೂಲಿ ಹಾರಾಟದಲ್ಲಿ ರಾಡಾರಿಗೆ ಕಾಣಲೆಂದೇ ಈ ವಿಮಾನಗಳ ಮೈಗೆ ಪುಟ್ಟ ಗುಬಟುಗಳನ್ನು ಕೂರಿಸುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಇನ್ನು ಸಭೆ ಸೇರಬೇಕಿಲ್ಲ, ಬೆಕ್ಕೇ ಕಟ್ಟಿಕೊಂಡು ಬರುತ್ತದೆ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದವು. ನಮಗೆ ರಜೆ ಸಿಗಲಿಲ್ಲ. ಅಲ್ಲೇ ಮನೆಯಿರುವ ತಂಗಿ ತಾರಸಿಯಲ್ಲಿ ಸಂಡಿಗೆ ಇಡುತ್ತ ಒಂದನ್ನು ನೋಡಿದಳಂತೆ. ಹೇಗಿತ್ತೇ ಎಂದೆ. "ಇಸ್ತ್ರಿ ಮಾಡ್ದಂಗಿತ್ತು ಕಣಣ್ಣ. ಕೆಳಗೆ ಏನೂ ನೇತಾಡ್ತಿರಲಿಲ್ಲ. ಕಾಗೆಗಳೆಲ್ಲ ಹೆದರಿ ಓಡಿದ್ವು, ಸಂಡಿಗೆ ಉಳೀತು" ಎಂದಳು. ಆರು ವರ್ಷದ ನನ್ನ ಅಧ್ಯಯನ ಅಲ್ಲಿಗೆ ಮುಗಿಯಿತು. ಮಗನೂ, "ಅತ್ತೆ ಹೇಳಿದ್ದು ಸು-57ಕ್ಕೆ ಸರಿಯಾಗಿದೆ" ಎಂದು ತೀರ್ಪಿತ್ತ.

ಉಳಿದ ಮರ್ಯಾದೆ ತೆಗೆದವನು ಬೀದಿ ಮೂಲೆಯ ಚಹಾದಂಗಡಿಯ ಕಾಸರಗೋಡಿನ ಕಾಕ. ಆ ಜೂನ್ 14ರಂದು ಬ್ರಿಟಿಷ್ ನೌಕಾಪಡೆಯ ಎಫ್-35 ಒಂದು ತಿರುವನಂತಪುರದಲ್ಲಿ ತುರ್ತಾಗಿ ಇಳಿದು, ಕೆಟ್ಟು, ಮಳೆಯಲ್ಲಿ ನೆನೆದು, ಜುಲೈ 22ರವರೆಗೆ ಅಲ್ಲೇ ಉಳಿಯಿತಲ್ಲ! ಕೇರಳ ಪ್ರವಾಸೋದ್ಯಮದವರು ಅದರ ಚಿತ್ರ ಹಾಕಿ ಜಾಹೀರಾತನ್ನೇ ಮಾಡಿದರು. "ಐದು ವಾರ ನಮ್ಮ ನಾಡಲ್ಲಿ ಇತ್ತು ಸಾರೇ. ರಾಡಾರಿಗೆ ಕಾಣ್ಲಿಕ್ಕಿಲ್ಲ ಅಂತ ಯಾರು ಹೇಳಿದ್ದು? ನಮ್ಮ ಅಳಿಯ ಬಸ್ಸಿಂದ ನೋಡಿದ್ದಾನೆ!" ಎಂದು ಗಹಗಹಿಸಿದ.

ಕಾಕನ ಅಂಗಡಿಯ ಕರಕ್ ಚಹಾ ನನ್ನ ಪಾಲಿಗೆ ಲೆಕ್ಕದ ಪುಸ್ತಕದಲ್ಲಿ ನಡೆಯುವಂಥದ್ದು. ತಿಂಗಳ ಕೊನೆಯ ವಾರ ನಾನು ಎದುರು ಕಾಲುದಾರಿ ಹಿಡಿಯುತ್ತೇನೆ. ಮೊನ್ನೆಯೂ ಕ್ಯಾಪು ಕೆಳಗೆಳೆದು, ಚೀಲವನ್ನು ಎದೆಗವಚಿ, ಕೈಯಲ್ಲಿ ಏನೂ ನೇತಾಡದಂತೆ, ಭುಜ ಓರೆ ಮಾಡಿಕೊಂಡು, ನಿಂತ ಕಾರುಗಳ ಮರೆಯಲ್ಲಿ ಹೊರಟಿದ್ದೆ. ಅರ್ಧ ದಾರಿಯೂ ಆಗಿರಲಿಲ್ಲ.

"ಸಾರೇ, ಇಪ್ಪತ್ತೆರಡು ರಿಯಾಲ್!"